ಮೇಕೆ ಚರ್ಮದ ಮೇಲ್ಪೊರೆ

ಕೊಲ್ಲಿ ದೇಶದ ಸೊಹಾರ್‌ನ ಉಕ್ಕಿನ ಕಾರ್ಖಾನೆಯೊಂದರಲ್ಲಿ ನೀಲಕಂಠ ಮೆಂಟೆನೆನ್ಸ್ ಎಂಜಿನಿಯರ್. ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ‘ಲೆದರ್ ಬಿಸಿನೆಸ್’ ಎಂದು ಮಾತು ತೇಲಿಸಿಬಿಡುತ್ತಿದ್ದ. ಸುಳ್ಳೇನಲ್ಲ ಬಿಡಿ. ಬಾಗಲಕೋಟೆ ಕಡೆಯ ಊರಿನಲ್ಲಿ ಅಪ್ಪ ಸೋಮನಾಥ ಹಿತ್ತಲಿನ ಸುಣ್ಣದ ಗುಂಡಿಗೆ ಇಳಿದು, ಚರ್ಮ ಹದ ಮಾಡಿ ಮಾರಿಯೇ ಮಗನನ್ನು ಓದಿಸಿದ್ದರು. ‘ಬಿಸಿನೆಸ್’ ಎಂದರೆ ಆ ವಾಸನೆ ಯಾರ ಮೂಗಿಗೂ ಬಡಿಯುತ್ತಿರಲಿಲ್ಲ, ಅಷ್ಟೇ.

ಪಕ್ಕದ ಮನೆಯ ಫೌಸ್ಟಿನ್ ಮಂಗಳೂರಿನವನು, ತಿಂಗಳಿಗೊಂದು ಹೊಸ ಹುಚ್ಚು ಹಚ್ಚಿಕೊಳ್ಳುವ ಆಸಾಮಿ. ಬಕ್ರೀದ್ ಮುಗಿದಿದ್ದೇ ತಡ, ಆಫೀಸಿನ ಖಲ್ಫಾನನಿಂದ ಒಂದು ಮೇಕೆ ಚರ್ಮ ಇಸಿದುಕೊಂಡು ಬಂದ. ಜಿಂಕೆ ಚರ್ಮ ಹದ ಮಾಡುವ ಯಾವುದೋ ವಿಡಿಯೋ ನೋಡಿ ಅದನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿದ. ಹೆಂಡತಿ ಓಲಿವಿಯಾಳಿಗೆ ಮೆತ್ತನೆಯ ಕೈಚೀಲ ಹೊಲಿದುಕೊಡುವ ಆಸೆ ಅವನದು. ಶುಕ್ರವಾರ ಬೆಳಿಗ್ಗೆ ಕೂದಲನ್ನೆಲ್ಲ ಕೆರೆದು, ಚರ್ಮವನ್ನು ದಪ್ಪ ಪೈಪಿನ ಮೇಲೆ ಹರವಿ, ನೀಲಕಂಠನನ್ನು ಕೂಗಿದ.

“ಬನ್ನಿ ಮಾರಾಯ್ರೆ, ಹೇಗುಂಟು ನೋಡಿ!”

ನೀಲಕಂಠನಿಗೆ ಒಂದೇ ನೋಟಕ್ಕೆ ತಿಳಿಯಿತು. ಕೂದಲು ಹೋಗಿತ್ತು, ಅದರಡಿಯ ನುಣುಪು ಪೊರೆ ಹಾಗೇ ಉಳಿದಿತ್ತು. ಅದನ್ನು ಕೆರೆಯದಿದ್ದರೆ ಎಷ್ಟು ಉಜ್ಜಿದರೂ ಚರ್ಮ ಮೆತ್ತಗಾಗದು, ಒಣಗಿ ಹಪ್ಪಳದ ಹಾಗೆ ಸೆಟೆಯುತ್ತದೆ. ಆದರೆ ಹೇಳಿದರೆ, ನಿಮಗೆ ಹೇಗೆ ಗೊತ್ತು ಎನ್ನುತ್ತಾನಲ್ಲ.

“ಫಸ್ಟ್ ಕ್ಲಾಸ್ ಐತ್ರಿ,” ಎಂದುಬಿಟ್ಟ.

ಅಷ್ಟರಲ್ಲಿ ಮಗಳು ದಿಶಾ ಫೋನ್ ಹಿಡಿದು ಓಡಿಬಂದಳು. ರಜೆಯ ದಿನ ಅಜ್ಜನ ಜೊತೆ ವಿಡಿಯೋ ಕಾಲ್ ಅವಳಿಗೆ ರೂಢಿ. ಅಜ್ಜನಿಗೂ ಕಾಣಲೆಂದು ಫೋನನ್ನು ಚರ್ಮದ ಕಡೆಗೆ ತಿರುಗಿಸಿದಳು.

“ಏ ತಮ್ಮಾ, ಮ್ಯಾಲಿನ ಪೊರಿ ಹಂಗ ಬಿಟ್ಟೀಯಲ್ಲೋ! ಮರತಿಯೇನು?” ಸೋಮನಾಥರ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು.

ಫೌಸ್ಟಿನ್ ಬಗ್ಗಿ ಫೋನು ನೋಡಿದ. “ಯಾರು ಇವರು?”

“ನಮ್ಮೂರಾವ್ರು,” ನೀಲಕಂಠ ತಡವರಿಸಿದ. “ಪರಿಚಯದವರು.”

ಫೋನಿನಲ್ಲಿ ಸೋಮನಾಥ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

“ಹೌದ್ರಿ,” ಎಂದರು. “ಸಾಹೇಬ್ರು ನಮಗ ಭಾಳ ಬೇಕಾದವರು. ಸಾಹೇಬ್ರ, ಮೊಂಡ ಅಂಚಿಂದು ಏನರ ತಗೊಳ್ರಿ. ಕುತ್ತಿಗಿ ಕಡಿಂದ ಒತ್ತಿ ಕೆಳಗ ಎಳೀರಿ, ಪೊರಿ ಹಾಲಿನ ಕೆನಿ ಹಂಗ ಸುರಳಿ ಆಗಿ ಬರ್ತೈತಿ. ಹೊಟ್ಟಿ ಕಡೆ ತೆಳ್ಳಗ ಇರ್ತೈತಿ, ಅಲ್ಲಿ ಕೈ ಹಗುರ ಇರಲ್ರಿ.”

ಹೆತ್ತಪ್ಪನ ಬಾಯಲ್ಲಿ ಬಹುವಚನ! ಫೌಸ್ಟಿನ್ ಕೂದಲು ಕೆರೆದಿದ್ದ ಮೊಂಡ ಚಾಕು ಎತ್ತಿಕೊಂಡು ನೀಲಕಂಠ ತಲೆಯೆತ್ತದೆ ಕೆರೆಯತೊಡಗಿದ. ಪೊರೆ ಸುರುಳಿಯಾಗಿ ಬರತೊಡಗಿತು.

“ಪಪ್ಪಾ, ವೈ ಇಸ್ ಅಜ್ಜ ಕಾಲಿಂಗ್ ಯು ಸಾಹೇಬ್ರು?” ಎಂದಳು ದಿಶಾ.

“ಕೂಸಿಗೆ ಮುದುಕರೆಲ್ಲಾ ಅಜ್ಜನ ರೀ,” ಎಂದು ಸೋಮನಾಥ ನಕ್ಕರು. ತಕ್ಷಣ ಕಾಲ್ ಕಟ್ ಮಾಡಿದರು.

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ನೀಲಕಂಠನಿಗೆ. ಅವನು ಅಪ್ಪನನ್ನು ಬಿಟ್ಟುಕೊಟ್ಟಿದ್ದ. ಅವನ ಮಾನ ಉಳಿಸಲು ಅಪ್ಪ ಮೊಮ್ಮಗಳನ್ನೂ ಬಿಟ್ಟುಕೊಟ್ಟಿದ್ದರು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

“ಅವರು ನಮ್ಮಪ್ಪ ರೀ,” ಎಂದ.

“ಗೊತ್ತಾಯ್ತು ಮಾರಾಯ್ರೆ,” ಫೌಸ್ಟಿನ್ ಮೆಲ್ಲಗೆ ಹೇಳಿದ. “ಅದೇ ಮೂಗು, ಅದೇ ಹುಬ್ಬು. ಯಾಕಾದರೂ ಕೇಳಿದೆನೋ ಅಂತಾಯ್ತು ನನಗೆ.”

ಅಂದರೆ ಆ ಸುಳ್ಳು ಯಾರಿಗೂ ಬೇಕಿರಲಿಲ್ಲ. ನೀಲಕಂಠ ಸುಣ್ಣ ಮೆತ್ತಿದ ಕೈಯಲ್ಲೇ ಫೋನು ಕಸಿದುಕೊಂಡು ಅಪ್ಪನಿಗೆ ಕಾಲ್ ಮಾಡಿದ. ಮೊದಲ ರಿಂಗಿಗೇ ಎತ್ತಿದರು.

“ಹೇಳ್ರಿ ಸಾಹೇಬ್ರ,” ಎಂದರು ಅಪ್ಪ.