ಮಸಿ ಮೇಡಂ ರಬ್ಬರು
ನಮ್ಮ ಪ್ರಯೋಗಾಲಯದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ಅವರು ಮಸಿ ಮೇಡಂ. ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣಗಳನ್ನು ರಬ್ಬರಿಗೆ ಕಲಸುವುದೇ ಅವರ ಕೆಲಸವಾದ್ದರಿಂದ ಬಾಗಿಲ ಹಿಡಿ, ಚಹಾದ ಲೋಟ, ಸ್ವಂತ ಮೂಗು, ಎಲ್ಲದರ ಮೇಲೂ ಅವರ ಕಪ್ಪು ಬೆರಳಚ್ಚು. ಯಾರಾದರೂ ಸಿಕ್ಕರೆ ಸಾಕು, ತಡೆದು ನಿಲ್ಲಿಸಿಬಿಡುತ್ತಾರೆ: "ನೋಡ್ರೀ, ರಬ್ಬರ್‌ನಲ್ಲಿ ಕರೆಂಟ್ ಹರಿಯಲ್ಲ. ಸ್ವಲ್ಪ ಮಸಿ ಹಾಕಿ, ಹರಿಯಲ್ಲ. ಇನ್ನೊಂಚೂರು ಹಾಕಿ, ಊಹೂಂ. ಆಮೇಲೆ ಒಂದೇ ಒಂದು ಚಿಟಿಕೆ ಜಾಸ್ತಿ ಆಯ್ತು ಅನ್ನಿ, ಕಣಕ್ಕೆ ಕಣ ಹತ್ತಿರ ಬಂದು ದಾರಿ ಆಗಿಬಿಡುತ್ತೆ, ಕರೆಂಟ್ ಓಡುತ್ತೆ! ಅವು ಮುಟ್ಟಲೂ ಬೇಕಿಲ್ಲ, ಸಣ್ಣ ಸಂದಾದರೆ ಹಾರಿಯೇ ದಾಟುತ್ತೆ!" ಹಲ್ಲಿನ ಡಾಕ್ಟರ ಎದುರು ಬಾಯಿ ತೆರೆದುಕೊಂಡೇ ಇದನ್ನೆಲ್ಲ ಹೇಳಿದರಂತೆ. ಆ ರಬ್ಬರನ್ನು ಎಳೆದರೆ ಕಣಗಳು ದೂರ ಸರಿದು ಕರೆಂಟು ಕುಗ್ಗುತ್ತದೆ. ಎಷ್ಟು ಎಳೆದೆವೆಂದು ಮೀಟರೇ ಹೇಳುತ್ತದೆ. ಮೊನ್ನೆ ಮೇಡಂ ಅವರ ಅಣ್ಣ ಬಂದಿದ್ದರು. ಪಾರ್ಶ್ವವಾಯು ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿದೆ. ಮೇಡಂ ಆ ಕೈಯ ತೋರುಬೆರಳಿನ ಗೆಣ್ಣಿನ ಮೇಲೆ ತಮ್ಮ ರಬ್ಬರಿನ ತೆಳ್ಳನೆಯ ಪಟ್ಟಿ ಅಂಟಿಸಿ, ಅದರ ತಂತಿಗಳನ್ನು ಮೀಟರಿಗೆ ಸಿಕ್ಕಿಸಿ, "ಮಡಚೋಕೆ ನೋಡಣ್ಣ" ಎಂದರು. "ಯಾಕಮ್ಮ ಸುಮ್ನೆ? ಇದು ಸತ್ತ ಕೈ" ಎನ್ನುತ್ತಲೇ ಅವರು ಹಲ್ಲು ಕಚ್ಚಿದರು. ಬೆರಳು ಅಲುಗಿದ್ದು ನಮಗೆ ಯಾರಿಗೂ ಕಾಣಲಿಲ್ಲ. ಮೀಟರಿನ ಮುಳ್ಳು ಮಾತ್ರ ಒಂದು ಗೆರೆ ಕೆಳಗಿಳಿಯಿತು. "ಇನ್ನೊಂದ್ಸಲ" ಎಂದರು ಮೇಡಂ. ಮತ್ತೆ ಇಳಿಯಿತು. "ಅಣ್ಣಾ, ಅಲ್ಲಾಡ್ತು ಕಣೋ!" ಎಂದು ಮೇಡಂ ಕಿರುಚಿದ್ದಕ್ಕೆ ಪಕ್ಕದ ಕೊಠಡಿಯವರೆಲ್ಲ ಓಡಿಬಂದರು. ಅಣ್ಣ ಯಾರ ಕಡೆಗೂ ನೋಡದೆ, ಮುಳ್ಳಿನ ಮೇಲೆ ಕಣ್ಣು ನೆಟ್ಟು, ಮತ್ತೆ ಮತ್ತೆ ಹಲ್ಲು ಕಚ್ಚುತ್ತಲೇ ಇದ್ದರು.