ಪಕ್ಕದ ಅಂಗಳದ ಬಿಸಿಲು

ಜಮಖಂಡಿಯ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಆಫೀಸಿದೆ. ಮನೆಯನ್ನು ನೆಲದ ಮೇಲೆ ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ಕಟ್ಟಿ, ಒಳಗೆ ಹೊರಗೆ ಓಡಾಡಿಸಿ ತೋರಿಸುವುದು ನನ್ನ ಕೆಲಸ. ಬಂದವರು ಮನೆಗಿಂತ ಮುಂಚೆ ನಾನಿಟ್ಟ ಕೆಂಪು ಕಾರು, ಹಸಿರು ಹುಲ್ಲು ನೋಡಿ ಮರುಳಾಗುತ್ತಾರೆ. ಅದಕ್ಕೇ ಇಡುತ್ತೇನೆ, ಸುಳ್ಳೇಕೆ ಹೇಳಲಿ? ಪಕ್ಕದ ಮನೆಗಳ ಗೋಜಿಗೆ ಮಾತ್ರ ಹೋಗುವುದಿಲ್ಲ. ಆ ಜಾಗದಲ್ಲಿ ನಾಲ್ಕು ತೆಂಗಿನ ಮರ ನೆಟ್ಟರೆ ಮುಗಿಯಿತು.

ಒಮ್ಮೆ ಬನಹಟ್ಟಿಯಿಂದ ಒಬ್ಬರು ಬಂದರು. ಪವರ್‌ಲೂಮ್ ಇಟ್ಟುಕೊಂಡ ನೇಕಾರರು. ಕೆಳಗಿನ ಮನೆ ಕಟ್ಟಿ ಆಗಿತ್ತು. ಮೇಲೊಂದು ದೊಡ್ಡ ಖೋಲಿ, ಅಂದರೆ ಕೋಣೆ, ಅದರ ಮುಂದೆ ಬೀದಿಯ ಕಡೆಗೆ ತೆರೆದ ಗ್ಯಾಲರಿ ಬೇಕಿತ್ತು.

"ಹುಟ್ಟಿದಾಗಿಂದ ಮಗ್ಗದ ಸಪ್ಪಳದಾಗ ಕುಂತೇನ್ರಿ ಮೇಡಂ. ಇನ್ನರ ಮ್ಯಾಲ ಗ್ಯಾಲರ್ಯಾಗ ಕುಂತು ಆರಾಮ ಚಾ ಕುಡೀಬೇಕು."

ನಾನು ಆ ಗ್ಯಾಲರಿಯಲ್ಲಿ ಒಂದು ಬೆತ್ತದ ಕುರ್ಚಿಯನ್ನೂ ಹಾಕಿಟ್ಟೆ. ನೋಡಿ ಹಿಗ್ಗಿಹೋದರು. ಆಮೇಲೆ ಮನೆಯ ಹಿಂದಿನ ತೆಂಗಿನ ಮರಗಳ ಮೇಲೆ ಕಣ್ಣು ಬಿತ್ತು.

"ಇವು ಯಾಕ್ರಿ ಇಲ್ಲಿ? ಅದು ನಮ್ಮ ವೈನಿ ಅಂಗಳ. ಬಣ್ಣದ ನೂಲು ಒಣಾ ಹಾಕೂ ಗಳಾ ಅದಾವು ಅಲ್ಲಿ."

ವೈನಿ ಅಂದರೆ ಅವರ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡು ಮನೆ ಪಾಲಾದ ಮೇಲೆ ಅತ್ತಿಗೆಗೂ ತಮಗೂ ಮಾತಿಲ್ಲ ಎಂದು ಅವರೇ ಹೇಳಿದ್ದರು. ನನಗೆ ರೇಗಿತು.

"ಮಾತಽ ಇಲ್ಲಂದ ಮ್ಯಾಲ ಅವರ ಗಳಾ ತಗೊಂಡು ಏನ ಮಾಡ್ತೀರಿ? ಗಿಡಾ ಛಂದ ಕಾಣ್ತಾವು, ಇರ್ಲಿ ಬಿಡ್ರಿ."

"ಇಲ್ಲದ್ದು ಯಾಕ ತೋರಸ್ತೀರಿ?" ಎಂದು ಹಟ ಹಿಡಿದರು.

ಗೊಣಗುತ್ತಲೇ ಮರ ಕಿತ್ತು, ಅವರು ಹೇಳಿದ ಕಡೆಯಲ್ಲೆಲ್ಲ ಬಿದಿರಿನ ಗಳ ನಿಲ್ಲಿಸಿದೆ. ಒಂದರ ತುದಿ ಮುರಿದಿದೆಯೆಂದರು. ಅದನ್ನೂ ಮುರಿದೆ. ಶಿವನೇ, ಇಂಥ ಗಿರಾಕಿ ಇನ್ನೊಬ್ಬರಿಲ್ಲ ಅನ್ನಿಸಿತು.

ಕೊನೆಗೆ ನನ್ನ ಕೈಚಳಕ ತೋರಿಸೋಣವೆಂದು ಬಿಸಿಲಿನ ಆಟ ಹಚ್ಚಿದೆ. ಯಾವ ತಿಂಗಳಲ್ಲಿ ಯಾವ ಹೊತ್ತಿಗೆ ನೆರಳು ಎಲ್ಲಿ ಬೀಳುತ್ತದೆಂದು ಅದರಲ್ಲಿ ಕಾಣುತ್ತದೆ. ಚಳಿಗಾಲ ಇಟ್ಟೆ. ಸೂರ್ಯ ದಕ್ಷಿಣಕ್ಕೆ ವಾಲಿದ. ಮೇಲಿನ ಖೋಲಿಯ ನೆರಳು ಹಿಂದಿನ ಅಂಗಳದ ಮೇಲೆ ಬಿದ್ದದ್ದು ಸಂಜೆಯಾದರೂ ಗಳಗಳನ್ನು ಬಿಡಲಿಲ್ಲ.

"ಇನ್ನೊಮ್ಮೆ ತೋರಸ್ರಿ," ಎಂದರು. ತೋರಿಸಿದೆ.

"ಥಂಡ್ಯಾಗ ನೂಲು ಒಣಗೂದಽ ಇಲ್ಲಲ್ರಿ ಹಂಗಾರ. ಆಕಿ ಹೊಟ್ಟಿ ನಡಿಯೂದಽ ಅದರ ಮ್ಯಾಲ."

"ಖೋಲಿ ಬೀದಿ ಕಡೆ ಸರಸಬಹುದು. ಆದ್ರ ನಿಮ್ಮ ಗ್ಯಾಲರಿ ಹೋಗ್ತೈತಿ ನೋಡ್ರಿ."

ಬೆತ್ತದ ಕುರ್ಚಿಯನ್ನು ಬಹಳ ಹೊತ್ತು ನೋಡುತ್ತ ಕುಳಿತರು. ಆಮೇಲೆ, "ಹೋಗ್ಲಿ ಬಿಡ್ರಿ," ಎಂದರು. ಖೋಲಿಯನ್ನು ಬೀದಿಯ ಕಡೆ ಸರಿಸಿ, ಕೊನೆಗೆ ಆ ಕುರ್ಚಿಯನ್ನೂ ಅಳಿಸಿದೆ.

"ನಿಮ್ಮ ವೈನಿಗೆ ಇದನ್ನ ಹೇಳ್ರಿ ಮತ್ತ," ಎಂದೆ.

"ಏನಂತ ಹೇಳ್ಲಿ? ಮಾತಿಲ್ಲಲ್ಲ."

ಮೇಲಿನ ಗೋಡೆ ಏಳುವಾಗ ಬನಹಟ್ಟಿಗೆ ಹೋದೆ. ಅವರು ಮಾಳಿಗೆಯ ಮೇಲೆ ಗೋಡೆ ಕಟ್ಟುವ ಗೌಂಡಿಯ ಜೊತೆ ನಿಂತಿದ್ದರು. ಹಿಂದಿನ ಅಂಗಳದಲ್ಲಿ ಅತ್ತಿಗೆ ಗಳಗಳನ್ನು ಕಿತ್ತು ಗೋಡೆಗೆ ಒರಗಿಸುತ್ತಿದ್ದರು. ಹತ್ತಿರ ಹೋಗಿ ಯಾಕೆಂದು ಕೇಳಿದೆ.

"ಮ್ಯಾಲ ಖೋಲಿ ಎದ್ದರ ಇಲ್ಲಿ ಬಿಸಲೆಲ್ಲಿ ಬರ್ತೈತಿ ತಂಗಿ? ಬ್ಯಾರೆ ಕಡೆ ಜಾಗಾ ನೋಡಬೇಕು."

ಇನ್ನು ಸುಮ್ಮನಿರುವುದು ನನ್ನಿಂದಾಗಲಿಲ್ಲ. ಅವರ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಮೊದಲಿನ ಮನೆ ತೋರಿಸಿದೆ, ಆಮೇಲೆ ಬದಲಿಸಿದ್ದನ್ನು. ಗ್ಯಾಲರಿ ಹೋದದ್ದನ್ನೂ, ಅಲ್ಲಿ ಕುಳಿತು ಚಹಾ ಕುಡಿಯುವ ಅವರ ಮೈದುನನ ಆಸೆಯನ್ನೂ ಹೇಳಿಬಿಟ್ಟೆ. ಪರದೆಯ ಮೇಲೆ ಚಳಿಗಾಲದ ಬಿಸಿಲು ಗಳಗಳ ಮೇಲೆ ಬಿದ್ದಿತ್ತು.

ಅತ್ತಿಗೆ ಬಗ್ಗಿ ನೋಡಿದರು. "ಅಯ್ಯ, ತುದಿ ಮುರದ ಗಳಾನೂ ಐತಿ! ನಿನಗ ಯಾರ ಹೇಳ್ಯಾರ?"

ನಾನು ಮಾಳಿಗೆಯ ಕಡೆ ಕೈ ಮಾಡಿದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ತಲೆಯೆತ್ತಲಿಲ್ಲ. ನನ್ನನ್ನೇ ನೋಡುತ್ತ, ಆದರೆ ಮೇಲಕ್ಕೆ ಕೇಳುವಷ್ಟು ಜೋರಾಗಿ ಹೇಳಿದರು: "ಗ್ಯಾಲರಿ ಇಲ್ದ ಅಂವಾ ಇನ್ನ ಚಾ ಎಲ್ಲಿ ಕುಡೀತಾನಂತ, ಕೇಳವ್ವಾ."

ಗೌಂಡಿಯ ಕೈ ನಿಂತಿತು. ಮೇಲಿನಿಂದ ಬಂದ ಉತ್ತರ ನನಗಾಗಿರಲಿಲ್ಲ.

"ನೀನಽ ಹೇಳ ವೈನಿ."

"ಇಳದು ಬಾ ಹಂಗಾರ," ಎಂದರು ಅತ್ತಿಗೆ. "ಚಾ ಆಮ್ಯಾಲ. ಮೊದಲ ಈ ಗಳಾ ನಿಲ್ಲಸು."