ತೊಕುಮಾತ್ಸು ಮೇಸ್ತ್ರಿಯ ನಾಲಿಗೆ

ಗದ್ದೆಗಳ ಮೇಲೆ ಹಿಮ ಬಿದ್ದರೆ ನಮ್ಮ ನೋಟೊ ಕಡೆಯ ಗಂಡಸರು ಊರು ಬಿಟ್ಟು, ಅಕ್ಕಿಯ ಮದ್ಯವಾದ ಸಾಕೆ ತಯಾರಿಸುವ ಮನೆಗಳಿಗೆ ದುಡಿಯಲು ಹೊರಡುತ್ತಿದ್ದೆವು. ನಮ್ಮ ತಂಡದ ಮೇಸ್ತ್ರಿ ತೊಕುಮಾತ್ಸು. ಅಂಥ ನಾಲಿಗೆ ಇನ್ನೊಂದನ್ನು ನಾನು ಕಂಡಿಲ್ಲ. ತಳದಲ್ಲಿ ನೀಲಿ ಬಳೆ ಬರೆದ ಬಿಳಿ ಬಟ್ಟಲನ್ನು ಬೆಳಕಿಗೆ ಹಿಡಿದು, ಒಂದು ಗುಟುಕು ಬಾಯಲ್ಲಾಡಿಸಿ, ಸುರ್ರೆಂದು ಗಾಳಿ ಎಳೆದು ಉಗಿದು, "ಇದರ ಅಕ್ಕಿ ಯಾವನೋ ತೊಳೆದಿದ್ದು? ನಿದ್ದೆಗಣ್ಣಲ್ಲಿ ತೊಳೆದ್ಯೇನೋ?" ಎನ್ನುತ್ತಿದ್ದರು. ತೊಳೆದವನ ಮುಖ ಕಪ್ಪಿಡುತ್ತಿತ್ತು. ನಾಲಿಗೆ ಕೆಡುತ್ತದೆಂದು ಆ ಮನುಷ್ಯ ಚಳಿಗಾಲವಿಡೀ ಉಪ್ಪುಮೀನು ಮುಟ್ಟುತ್ತಿರಲಿಲ್ಲ. ನಾವು ಎದುರಿಗೇ ಕೂತು ಚಪ್ಪರಿಸುತ್ತಿದ್ದೆವು, ಪಾಪಿಗಳು.

ಆ ವರ್ಷ ವಸಂತದ ಸ್ಪರ್ಧೆಗೆಂದು ಒಂದು ಪೀಪಾಯಿ ಮೀಸಲಿತ್ತು. ಅದರಲ್ಲಿ ಹುದುಗಿದ ಅಕ್ಕಿಯನ್ನು ಯಾವತ್ತು ಹಿಂಡಬೇಕೆಂದು ಮೇಸ್ತ್ರಿಯೇ ರುಚಿ ನೋಡಿ ಹೇಳಬೇಕು. ಬೇಗ ಹಿಂಡಿದರೆ ಸಪ್ಪೆ, ತಡವಾದರೆ ಕಹಿ. ಅಷ್ಟರಲ್ಲಿ ಊರಿನಿಂದ ತಂತಿ ಬಂತು: ಮೇಸ್ತ್ರಿಯ ಒಬ್ಬಳೇ ಮಗಳು, ಪುಟ್ಟ ನಮಿ, ನ್ಯುಮೋನಿಯಾದಿಂದ ಮಲಗಿದ್ದಾಳೆ, ಅಪ್ಪ ಬೇಕೆಂದು ಹಂಬಲಿಸುತ್ತಿದ್ದಾಳೆ.

"ಹೊರಡಿ ಮೇಸ್ತ್ರಿ, ಈಗ್ಲೇ ಹೊರಡಿ," ಎಂದೆ.

ಸಾಕೆ ಮನೆಯ ಧಣಿ ಬಾಗಿಲಲ್ಲೇ ನಿಂತಿದ್ದರು. "ಹೋಗ್ಬೇಡಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ? ಆದ್ರೆ ಆ ಪೀಪಾಯಿ ನಿಮಗಲ್ದೆ ಇನ್ಯಾರಿಗೆ ಅರ್ಥ ಆಗುತ್ತೆ?" ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

ಮೇಸ್ತ್ರಿ ಕಟ್ಟಿದ್ದ ಬಟ್ಟೆಗಂಟು ಬಿಚ್ಚಿ ನನ್ನ ಕಡೆ ತಿರುಗಿದರು. "ಹಿಂಡಿದ ತಕ್ಷಣ ಹೋಗ್ತೀನಿ ಕಣೋ, ಜೆಂಪೇ."

ದಿನಾ ಬೆಳಗ್ಗೆ ಬಟ್ಟಲು ಹಿಡಿಯುವರು, ಉಗಿಯುವರು, "ಇನ್ನೂ ಇಲ್ಲ" ಎನ್ನುವರು. ಕೊನೆಗೊಂದು ಬೆಳಗ್ಗೆ "ಹಿಂಡಿ" ಎಂದರು. ನಾವು ಅಕ್ಕಿಯನ್ನು ಹಿಂಡುವ ಚೀಲಗಳಿಗೆ ತುಂಬುತ್ತಿದ್ದಾಗ ಎರಡನೇ ತಂತಿ ಬಂತು. ಮಗು ಹೋಗಿಬಿಟ್ಟಿತ್ತು. ಅವರು ಊರು ಮುಟ್ಟುವಷ್ಟರಲ್ಲಿ ದಹನವೂ ಮುಗಿದಿತ್ತು.

ವಸಂತದಲ್ಲಿ ಆ ಸಾಕೆಗೇ ಮೊದಲ ಬಹುಮಾನ! ಧಣಿ ಎಲ್ಲರೆದುರು ಮೇಸ್ತ್ರಿಗೆ ತಲೆಬಾಗಿ, "ಇಂಥ ನಾಲಿಗೆ ದೇಶದಲ್ಲೇ ಇಲ್ಲ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಊರಿಗೆ ಮರಳುವ ರೈಲಿನಲ್ಲಿ ನಾನು ಸಮಾಧಾನ ಹೇಳಲು ಹೋದೆ. "ನೀವು ಉಳ್ಕೊಂಡಿದ್ದಕ್ಕೇ ಅಲ್ವಾ ಮೇಸ್ತ್ರಿ, ಅಂಥ ಸಾಕೆ ಆಗಿದ್ದು?"

"ಎಂಥ ಸಾಕೆನೋ! ತಂತಿ ಬಂದ್ಮೇಲೆ ನನ್ನ ಬಾಯಿಗೆ ಉಪ್ಪೂ ಗೊತ್ತಾಗ್ಲಿಲ್ಲ, ನೀರೂ ಗೊತ್ತಾಗ್ಲಿಲ್ಲ. ನಾಳೆ ನಾಲಿಗೆಗೆ ರುಚಿ ವಾಪಸ್ ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ತಡೀಲಾರ್ದೆ ಕಣ್ಮುಚ್ಚಿ 'ಹಿಂಡಿ' ಅಂದೆ, ಅಷ್ಟೇ." ಅವರು ನನ್ನ ತೋಳು ಹಿಡಿದುಕೊಂಡರು. "'ಹಿಂಡಿ' ಅನ್ನೋ ಆ ಒಂದು ಮಾತು ನೀನೇ ಹೇಳಿದ್ರೂ ಆಗ್ತಿತ್ತಲ್ಲೋ, ಜೆಂಪೇ."